ಸಿಟ್ಟಿದ್ದವರಿಗೆ ಹೊರಡದ ಕಾರು

ಸಾವಂತ್ರಿ ಗದಗಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಳು. ಅಂಗೈ ಮುಟ್ಟಿದೊಡನೆ ಚಾಲಕರ ಸಿಟ್ಟನ್ನು ಅಳೆಯುವ ಸ್ಟೀರಿಂಗ್ ಎಲ್ಲ ಕಾರುಗಳಿಗೂ ಬಂದು ಆರು ವರ್ಷವಾಗಿತ್ತು. ಸಿಟ್ಟಿದ್ದರೆ ಗಾಡಿ ಹೊರಡುತ್ತಿರಲಿಲ್ಲ.

ಆ ಬೆಳಿಗ್ಗೆ ತಂಗಿ ನೀಲವ್ವನ ಮನೆಗೆ ಹೋದಾಗ, ತಂಗಿಯ ಗಂಡ ಮಹಾಂತೇಶ ಹೊಡೆದು ಅವಳ ಎಡಗೈ ಮುರಿದಿದ್ದ. ಸಾವಂತ್ರಿ ತಂಗಿಯನ್ನು ಕಾರಿನಲ್ಲಿ ಕೂರಿಸಿ ಸ್ಟೀರಿಂಗ್ ಹಿಡಿದಳು.

"ದಯವಿಟ್ಟು ಶಾಂತರಾಗಿ," ಎಂದಿತು ಕಾರು.

ಡ್ರೈವರುಗಳೆಲ್ಲ ಮಾಡುವಂತೆ ಪೆಪ್ಪರ್‌ಮಿಂಟ್ ಚೀಪುತ್ತ ಇಪ್ಪತ್ತರವರೆಗೆ ಎಣಿಸಿದಳು. ಗಿರಾಕಿಗಳು ಬೈದ ದಿನಗಳಲ್ಲಿ ಈ ಉಪಾಯ ನಡೆಯುತ್ತಿತ್ತು. ಇಂದು ನಡೆಯಲಿಲ್ಲ. ಹಿಂದಿನ ಸೀಟಿನಲ್ಲಿ ನೀಲವ್ವ ನರಳುತ್ತಿದ್ದಳು.

ಮಹಾಂತೇಶ ಚಹಾ ಕುಡಿಯುತ್ತ ಹೊರಗೆ ಬಂದ. ಕಿಟಕಿಯೊಳಗೆ ಕೈ ಹಾಕಿ, ಸಾವಂತ್ರಿ ಕೈಬಿಟ್ಟಿದ್ದ ಸ್ಟೀರಿಂಗ್ ಮುಟ್ಟಿದ. ಎಂಜಿನ್ ಕೂಡಲೇ ಶುರುವಾಯಿತು. ಕೈ ತೆಗೆದೊಡನೆ ನಿಂತಿತು.

"ಇಳೀರಿ ಅಕ್ಕಾರ, ದವಾಖಾನಿಗೆ ನಾನ ಕರ್ಕೊಂಡು ಹೋಗ್ತೀನಿ. ನನಗ ಇದು ಯಾವತ್ತೂ ಬ್ಯಾಡ ಅಂದಿಲ್ಲ."

"ಅಕಿ ಕೈ ಮುರಿಯುವಾಗೂ ಹಿಂಗ ತಣ್ಣಗ ಇದ್ದಿಯೇನೋ?"

ಅವನು ಚಹಾದ ಇನ್ನೊಂದು ಗುಟುಕು ಕುಡಿದ.

ಸಾವಂತ್ರಿ ಕೆಳಗಿಳಿದು ಬಾಗಿಲನ್ನು ದಢಾರನೆ ಬಡಿದಳು. ತಂಗಿಯನ್ನು ಇಳಿಸಿಕೊಂಡು, ಅವಳ ಬಲಗೈ ಹಿಡಿದು, "ನಡಿಯವ್ವಾ," ಎಂದಳು.

ದವಾಖಾನೆ ಎರಡು ಕಿಲೋಮೀಟರ್ ದೂರವಿತ್ತು. ಅಷ್ಟು ದೂರ ನಡೆದರೂ ಅವಳ ಸಿಟ್ಟು ಇಳಿಯಲಿಲ್ಲ. ಇಳಿಯಲು ಅವಳು ಬಿಡಲೂ ಇಲ್ಲ.