ಮೂರು ದಿನದ ಮೆಹಮಾನ

“ಏನ್ ಸಾಬ್ರೇ, ಮತ್ತೆ ಬಂದ್ರಾ? ಈ ಸಲ ಯಾವ ಹೆಸ್ರು?”

ಮುಳಬಾಗಿಲಿನ ಮುಸಾಫಿರಖಾನೆಯ ಎದುರು ಹೊಸದಾಗಿ ಬೀಡಿ ಅಂಗಡಿ ಇಟ್ಟಿದ್ದ ಗಂಗುಲಪ್ಪ ಬೇಕೆಂದೇ ಗಟ್ಟಿಯಾಗಿ ಕೇಳಿದ. ಇಸ್ಮಾಯಿಲ್ ಕೇಳಿಸದವನಂತೆ ಮೆಟ್ಟಿಲು ಹತ್ತಿದ.

“ಗಂಡ ಊರಲ್ಲಿಲ್ಲ, ಆಯಮ್ಮಂಗೆ ಮುಖ ಗುರ್ತಿಲ್ಲ. ನಿಮ್ಗೆ ದಿನಾ ಹಬ್ಬ ಕಣ್ರೀ!”

ಮುಸಾಫಿರಖಾನೆ ಟಿಪ್ಪುವಿನ ಕಾಲದ್ದು ಎಂದು ಊರು ಹೇಳುತ್ತಿತ್ತು. ಹಳೆಯದನ್ನೆಲ್ಲ ಊರು ಹಾಗೇ ಹೇಳುತ್ತದೆ. ಕಮಾನಿನ ಬಾಗಿಲು, ತೇಗದ ಕಂಬಗಳ ಪಡಸಾಲೆ, ಬಾವಿಯ ಮೇಲೆ ಬಾಗಿದ ದಾಳಿಂಬೆ ಗಿಡ. ಯುದ್ಧ ಬಂದು ಸೀಮೆಎಣ್ಣೆಗೂ ಕಾರ್ಡು ಹಿಡಿಯುವಂತಾಗಿದ್ದರೂ ಅಲ್ಲಿಯ ಕಟ್ಟಳೆ ಕೆಟ್ಟಿರಲಿಲ್ಲ. ಬಂದವರು ಮೂರು ದಿನ ಮೆಹಮಾನರು. ಊಟಕ್ಕೆ ಕಾಸು ಕೊಡಬೇಕಿಲ್ಲ, ಪೂರ್ವೋತ್ತರ ಕೇಳುವಂತಿಲ್ಲ. ನಾಲ್ಕನೆಯ ಬೆಳಿಗ್ಗೆ ಹೊರಡಬೇಕು.

ನಡೆಸುತ್ತಿದ್ದವಳು ಕರೀಮುನ್ನೀಸಾ. ಹೋದ ವರ್ಷದ ಜ್ವರ ಆಕೆಯ ಜೀವ ಉಳಿಸಿ ಸುಂಕವಾಗಿ ಮುಖಗಳ ಗುರುತನ್ನು ಒಯ್ದಿತ್ತು. ಹಳೆಯ ಸಂಗತಿಗಳೆಲ್ಲ ಗಟ್ಟಿ. ಮುಖಗಳು ಮಾತ್ರ ಒಂದು ಹಗಲು ರಾತ್ರಿ ಕಣ್ಮರೆಯಾದರೆ ಅಳಿಸಿಹೋಗುತ್ತಿದ್ದವು. ಇಸ್ಮಾಯಿಲ್ ಇದನ್ನು ಚೆನ್ನಾಗಿ ಬಲ್ಲ. ಮೂರು ದಿನ ಉಂಡು, ಒಂದು ಹಗಲು ರಾತ್ರಿ ಹತ್ತಿರದ ನಂಗಲಿಯಲ್ಲಿ ಲಾರಿಯವರ ನಡುವೆ ಬಿದ್ದುಕೊಂಡು, ಹೊಸ ಹೆಸರು ಹೊತ್ತು ಮರಳುತ್ತಿದ್ದ. ಒಮ್ಮೆ ಸಲಿಗೆಯಿಂದ ಕೈ ಹಿಡಿದದ್ದಕ್ಕೆ ಆಕೆ ಕಿರುಚಿ ಕೇರಿಯನ್ನೇ ಸೇರಿಸಿದ್ದಳು. ಹಳಬರು ಯಾಕೋ ಅವನಿಗೆ ಒಂದೇಟೂ ಹಾಕದೆ ತಲೆ ತಗ್ಗಿಸಿ ಚದುರಿದ್ದರು.

“ಭಾಯಿಸಾಬ್, ರೊಟ್ಟಿ ಆರ್ತದೆ, ಬನ್ನಿ.”

ಬಂದವರೆಲ್ಲ ಆಕೆಗೆ ಭಾಯಿಸಾಬ್. ಬಂದವರಿಗೆಲ್ಲ ಆಕೆ ಆಪಾ. ಇಸ್ಮಾಯಿಲ್ ಮಾತ್ರ ಅಪ್ಪಿತಪ್ಪಿಯೂ ಆಕೆಯನ್ನು ಅಕ್ಕ ಎಂದವನಲ್ಲ.

ನಾಲ್ಕನೆಯ ಬೆಳಿಗ್ಗೆ ಆಕೆ ಬುತ್ತಿ ತಂದಿಟ್ಟಳು.

“ಇನ್ನೊಂದು ದಿನ ಇರ್ಲಾ?” ಅವನು ಕೇಳಿದ.

“ಅಯ್ಯೋ, ಬೇಡಪ್ಪ. ನಮ್ಮೋರು ವ್ಯಾಪಾರಕ್ಕೆ ಮದರಾಸಿಗೆ ಹೋಗಿದಾರೆ. ಇವತ್ತೋ ನಾಳೆನೋ ಬಂದ್ಬಿಡ್ತಾರೆ. ಪರಗಂಡಸು ಕೂತಿರೋದು ನೋಡಿದ್ರೆ ಏನಂದ್ಕೋತಾರೆ?”

“ಕೋಪಿಷ್ಠರಾ?”

“ಅವ್ರಾ? ಇರುವೆ ಎದುರಿಗ್ ಬಂದ್ರೂ ಸಲಾಂ ಹೊಡ್ದು ದಾರಿ ಬಿಡ್ತಾರೆ!” ಆಕೆ ನಕ್ಕಳು.

“ಹೆಸರೇನು ಅವರದು?”

“ಗಂಡನ ಹೆಸ್ರು ಬಾಯಲ್ಲಿ ಹೇಳ್ತಾರೇನ್ರೀ? ಒಳ್ಳೆ ಆಸಾಮಿ ನೀವು!” ಎಂದು ಮದುವಣಗಿತ್ತಿಯಂತೆ ಸೆರಗನ್ನು ಮುಖಕ್ಕೆಳೆದುಕೊಂಡಳು.

ಅವನು ಇನ್ನೂ ನಿಂತೇ ಇದ್ದ, ಆಕೆಯ ಬಾಯಿಂದ ಆ ಹೆಸರು ಈಗಲಾದರೂ ಬಿದ್ದೀತೆಂಬಂತೆ. ಆಮೇಲೆ ಬುತ್ತಿ ಎತ್ತಿಕೊಂಡ.

“ದಾರೀಲಿ ಸಿಕ್ಕಿದ್ರೆ ಬೇಗ ಬರೋಕ್ ಹೇಳಿ, ಭಾಯಿಸಾಬ್. ಕಾಯ್ತಾ ಇದಾಳೆ ಅನ್ನಿ.”

“ಹೇಳ್ತೀನಿ” ಎಂದ, ಇಪ್ಪತ್ತು ವರ್ಷದ ಹಿಂದೆ ಆಕೆಯನ್ನು ನಿಕಾಹ್ ಮಾಡಿಕೊಂಡು ಈ ಮನೆಗೆ ಕರೆತಂದಿದ್ದ ಇಸ್ಮಾಯಿಲ್.