ಬಸ್ಸಿನಲ್ಲಿ ಮುಗಿದ ಸಿನಿಮಾ

ಕುದುರೆ ಸವಾರ ದಿಬ್ಬದಾಚೆ ಮರೆಯಾದ. ಹೋಟೆಲು ನಡೆಸುವ ವಿಧವೆ ಬೇಲಿಯ ಬಾಗಿಲಿಗೆ ಕೈಯಾನಿಸಿ ನಿಂತೇ ಇದ್ದಳು. ಟಿವಿಯ ಪರದೆ ಕಪ್ಪಾಯಿತು.

"ಬ್ಯಾರೇ ಸಿನಿಮಾ ಹಾಕೀಯವ್ವ ನೀನು," ಎಂದಳು ಚನ್ನವೀರಮ್ಮ.

ಮಗಳು ಸೌಂದರ್ಯ ನಕ್ಕಳು. ಬಳ್ಳಾರಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅವಳು ನಾಳೆ ಅಲ್ಲಿನ ಚಿತ್ರಸಂಘದಲ್ಲಿ ಮಾತಾಡಬೇಕಿತ್ತು: ಹಳೆಯ ಕೌಬಾಯ್ ಸಿನಿಮಾಗಳನ್ನು ಈಗ ಮತ್ತೆ ತೆಗೆದರೆ ಮೊದಲಿನವಕ್ಕೆ ಸಮನಾಗುತ್ತವೆಯೇ ಎಂದು. ಅಂಥದೊಂದರ ಮೊದಲಿನದನ್ನು ಟೆಂಟ್ ಸಿನಿಮಾದಲ್ಲೇ ನೋಡಿದವರು ಮನೆಯಲ್ಲಿ ಇಬ್ಬರಿದ್ದಾರಲ್ಲ ಎಂದು ಭಾನುವಾರ ಸಿರುಗುಪ್ಪಕ್ಕೆ ಬಂದು, ಅವ್ವನನ್ನೂ ದೊಡ್ಡವ್ವ ಸಾವಂತ್ರಮ್ಮನನ್ನೂ ಟಿವಿ ಮುಂದೆ ಕೂರಿಸಿದ್ದಳು.

"ಇದೇ ಅದು ಅವ್ವ. ಮೊದಲಿಂದು ಇದೊಂದೇ ಇರೋದು."

"ಗುಡ್ಡ ಅವೇ, ನಮ್ಮ ಕುರುಗೋಡು ಗುಡ್ಡದಂಗ ಅದಾವು. ಕುದುರಿನೂ ಅದೇ. ಆದ್ರ ಕೊನಿಗೆ ಆಕಿ ಹೋಟ್ಲಿಗೆ ಬೀಗ ಜಡದು, ಬೀಗದ ಕೈ ಬಾವಿಗೆ ಒಗದು, ಕುದುರಿ ಹತ್ತಿ ಹೊಂಟು ಬಿಡ್ತಾಳ. ಅವನ ಹಿಂದೂ ಅಲ್ಲ. ಬ್ಯಾರೇ ದಾರಿ ಹಿಡದು."

"ಹಂಗ ಹಳೇದ್ರಾಗೂ ಇಲ್ಲ, ಹೊಸಾದ್ರಾಗೂ ಇಲ್ಲ ಬಿಡವ್ವ. ಯಾರು ಹೇಳಿದ್ರು ನಿನಗ?"

ಚನ್ನವೀರಮ್ಮ ಓರಗಿತ್ತಿಯ ಕಡೆ ತಿರುಗಿದಳು. ಸಾವಂತ್ರಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು: "ಯಾವ ಸಿನಿಮಾದ ಕೊನಿ ನೋಡೀವಿ ನಾವು?"

ನಿಜವೇ. ಆಗ ಮನೆ ಕರೂರಿನಲ್ಲಿತ್ತು. ಸಿರುಗುಪ್ಪದ ಟೆಂಟಿಗೆ ಸಿನಿಮಾಕ್ಕೆ ಹೋಗಬಹುದು, ಆದರೆ ಕಡೆಯ ಬಸ್ಸು ತಪ್ಪಬಾರದು ಎಂದು ಅತ್ತೆಯ ಅಪ್ಪಣೆ. ಹಾಗಾಗಿ ಕೊನೆಯ ರೀಲು ಹಾಕುವ ಹೊತ್ತಿಗೆ ಕರೂರಿನ ಹೆಂಗಸರೆಲ್ಲ ಸೀರೆಗೆ ಅಂಟಿದ ಟೆಂಟಿನ ಮರಳು ಕೊಡವಿಕೊಂಡು ಏಳುತ್ತಿದ್ದರು, ಹಿಂದಿನವರು ಬೈಯುತ್ತಿದ್ದರು. ತೆಲುಗು ಸಿನಿಮಾ ಆದರೆ ಮುಂದಿನದು ಊಹೆಗೆ ಸಿಗುತ್ತಿತ್ತು. ಬಳ್ಳಾರಿಯಿಂದ ತೆಲುಗು ಸಿನಿಮಾದ ರೀಲಿನ ಪೆಟ್ಟಿಗೆ ಬರದ ಒಂದು ದಿನ ಟೆಂಟಿನವನು ಈ ಇಂಗ್ಲಿಷ್ ಕುದುರೆ ಸಿನಿಮಾ ಹಾಕಿದ್ದ. ಸವಾರ ಜೀನು ಬಿಗಿಯುತ್ತಿದ್ದಾಗ ಇವರು ಎದ್ದು ಬಂದಿದ್ದರು. ಕೊನೆಯನ್ನು ಬಸ್ಸಿನಲ್ಲಿ ಹೇಳಿದವಳು ಸಾವಂತ್ರಮ್ಮ.

"ನಿನಗ ಹೆಂಗ ಗೊತ್ತಾತಕ್ಕ ಮತ್ತ?"

"ಎಲ್ಲೀದು ಗೊತ್ತಾಗಾದು. ಆಕಿ ಗತಿ ಏನಾತಕ್ಕ ಅಂತ ಕಣ್ಣೀರು ಹಾಕ್ಕೆಂತ ಕೇಳಿದಿ. ಹೇಳಿದೆ."

"ಬೀಗದ ಕೈ?"

"ಅದೂ ನಾ ಹೇಳಿದ್ದೇ."

ಸೌಂದರ್ಯ ಹೊಸದನ್ನು ಹಾಕಿದಳು. ಬಣ್ಣ ಬಂದಿತ್ತು, ಬಂದೂಕಿನ ಸದ್ದು ಕಿವಿ ತುಂಬುತ್ತಿತ್ತು, ಅದೇ ಗುಡ್ಡಗಳು ಇನ್ನೂ ಎತ್ತರವಾಗಿದ್ದವು. ಚನ್ನವೀರಮ್ಮನ ಮನಸ್ಸು ಮಾತ್ರ ಆ ಬಸ್ಸಿನಲ್ಲಿತ್ತು. ಅಕ್ಕ ಅದನ್ನೆಲ್ಲ ಹೇಳುವಾಗ ತನ್ನ ಮುಖ ನೋಡಿರಲಿಲ್ಲ. ಕತ್ತಲ ಗದ್ದೆಗಳ ಕಡೆ ನೋಡುತ್ತಾ ಹೇಳಿದ್ದಳು. ಬೀಗದ ಕೈ ಎಸೆಯುವ ಮಾತು ಬಂದಾಗ ಮುಷ್ಟಿಯನ್ನು ಕಿಟಕಿಯ ಆಚೆ ಚಾಚಿ ಬಿಚ್ಚಿದ್ದಳು. ಏನು ಕೇಳಿದರೂ "ನೋಡೋಣು" ಎನ್ನುವ ಈ ಹೆಂಗಸಿನೊಳಗೆ ಆ ಕುದುರೆ ಎಲ್ಲಿತ್ತು?

ಸಾವಂತ್ರಮ್ಮನ ಫೋನು ಗುಂಯ್‌ಗುಟ್ಟಿತು. ಕುರುಗೋಡಿನಿಂದ ಅವಳ ತಮ್ಮನ ಮಗಳು ಶೀಲಾ. ರೊಟ್ಟಿ ಅಂಗಡಿ ತೆರೆದಿದ್ದಾಳೆ, ಸೋದರತ್ತೆಯಂತೆ ತೆಳ್ಳಗೆ ಬಡಿಯುವವರು ಸಿಗುತ್ತಿಲ್ಲ, ಬಂದು ಜೊತೆಗಿರು, ಅಂಗಡಿಯಲ್ಲಿ ನಿನಗೂ ಪಾಲು ಎಂದು ಒಂದೇ ಸಮ ಕರೆಯುತ್ತಿದ್ದಾಳೆ. ನಾಳೆ ದೊಡ್ಡ ಮದುವೆಯ ಆರ್ಡರ್. ಬರುವುದಾದರೆ ಇವತ್ತೇ ಬರಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾಳೆ.

"ನೋಡೋಣು ತಗಳವ್ವ," ಎಂದು ಸಾವಂತ್ರಮ್ಮ ಫೋನು ಇಟ್ಟಳು.

ಶೀಲಾ ಮೊದಲು ಕರೆದಾಗ ಹೋಗುವುದು ಬೇಡವೆಂದವಳು ಚನ್ನವೀರಮ್ಮನೇ. ಬಾವ ತೀರಿಹೋದಮೇಲೆ ಅಕ್ಕನನ್ನು ಈ ವಯಸ್ಸಿನಲ್ಲಿ ದುಡಿಯಲು ಕಳಿಸಿದರು ಎಂದು ಜನ ಆಡಿಕೊಳ್ಳುತ್ತಾರೆ ಎಂದಿದ್ದಳು. ಬೆಳಗಿನ ಚಹಾವನ್ನು ಒಬ್ಬಳೇ ಕುಡಿಯಬೇಕಾಗುತ್ತದೆ ಎಂಬುದನ್ನು ಹೇಳಿರಲಿಲ್ಲ.

ಟಿವಿಯಲ್ಲಿ ಸವಾರ ಜೀನು ಬಿಗಿಯತೊಡಗಿದ. ಸಾವಂತ್ರಮ್ಮನ ಕಣ್ಣು ಗೋಡೆ ಗಡಿಯಾರಕ್ಕೆ ಹೋಗಿ ಹುಣಸೆಹಣ್ಣಿಗೆ ಮರಳಿತು. ಚನ್ನವೀರಮ್ಮ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಅಕ್ಕನ ಚೀಲವಿತ್ತು, ಅದರಲ್ಲಿ ಮಡಿಚಿದ ಸೀರೆಗಳಿದ್ದವು.

"ಏಳಕ್ಕ. ಕುರುಗೋಡು ಬಸ್ಸಿನ ಹೊತ್ತಾತು."

"ಸಿನಿಮಾ ಇನ್ನಾ ಐತೆಲ್ಲ."

"ಯಾವ ಸಿನಿಮಾದ ಕೊನಿ ನೋಡೀವಿ ನಾವು?"

ಸಾವಂತ್ರಮ್ಮ ಅವಳನ್ನೇ ನೋಡಿದಳು. "ಜನ ಏನಾರ ಅಂದ್ರ?"

"ಅವ್ರಿಗೆ ನಾ ಏನಾರ ಒಂದು ಹೇಳ್ತೀನಿ. ನಿನ್ನ ಕಡಿಂದಾನ ಕಲ್ತೀನೆಲ್ಲ."

ಸಾವಂತ್ರಮ್ಮ ಎದ್ದು, ಮರಳು ಅಂಟಿದೆಯೇನೋ ಎಂಬಂತೆ ಸೀರೆಯ ಹಿಂಬದಿ ಕೊಡವಿಕೊಂಡಳು.

ಅಕ್ಕನನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ಹೊಸ ಸಿನಿಮಾದ ವಿಧವೆಯೂ ಬೇಲಿಯ ತನಕ ಬಂದು, ನಿಂತು, ಒಳಗೆ ಹೋದಳು ಎಂದಳು ಸೌಂದರ್ಯ. "ಹೇಳವ್ವ ಈಗ. ಹಳೇದು ಚಲೋನೋ ಹೊಸಾದೋ?"

"ಬಸ್ಸಿನ್ಯಾಗ ಹೇಳಿದ್ದು," ಎಂದಳು ಚನ್ನವೀರಮ್ಮ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಊರು ಮುಟ್ಟಿದೆ ಎಂದು ಹೇಳಿ ಸಾವಂತ್ರಮ್ಮ ಕೇಳಿದಳು: "ಆಕಿದು ಕೊನಿಗೇನಾತು?"

"ಬೀಗದ ಕೈ ಬಾವಿಗೆ ಒಗದ್ಳಕ್ಕ."

ಆ ಕಡೆಯಿಂದ ಯಾರೋ ರೊಟ್ಟಿ ಬಡಿಯುವ ಸದ್ದು, ಕುದುರೆಯ ಗೊರಸಿನ ಸಪ್ಪಳದಂತೆ, ಕೇಳುತ್ತಲೇ ಇತ್ತು.