ಪಟ್ಟಿಯಲ್ಲಿ ಇಪ್ಪತ್ತೇ ಹೆಸರು

"ಅವರು ನಿನ್ನನ್ನೇ ಕೇಳಿದಾರಪ್ಪ," ಎಂದರು ತಂಡದ ಮ್ಯಾನೇಜರ್. ಕಿಚುಲ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ, ಆ ಕಿವಿಗಾದರೂ ಬೇರೆ ಮಾತು ಕೇಳಿಸೀತೇನೋ ಎಂಬಂತೆ.

ಎದುರಿಗೆ ಮಿನ್‌ಗ್ಯು ಕತ್ತರಿಯಿಂದ ಹಂದಿಮಾಂಸ ಕತ್ತರಿಸುತ್ತ ಕೆಂಡದ ಮೇಲೆ ಹರಡುತ್ತಿದ್ದ. ಜೊಂಜು ಬೇಸ್‌ಬಾಲ್ ತಂಡದ ಈ ದೊಡ್ಡ ಹೊಡೆತಗಾರನನ್ನು ಚಳಿಗಾಲವಿಡೀ ಬೆನ್ನುಬಿದ್ದು ತನ್ನ ತಂಡಕ್ಕೆ ಎಳೆತಂದವನೇ ಕಿಚುಲ್. ಹನ್ನೆರಡು ವರ್ಷ ತಾನು ತೊಟ್ಟ ಇಪ್ಪತ್ತೇಳನೇ ನಂಬರಿನ ಅಂಗಿಯನ್ನೂ ಅವನಿಗೆ ಬಿಟ್ಟುಕೊಟ್ಟಿದ್ದ. ಮಿನ್‌ಗ್ಯು ಆ ಅಂಗಿ ತೊಟ್ಟೇ ಊಟಕ್ಕೆ ಬಂದಿದ್ದ. ಇಂಥವನನ್ನು ಕರೆದುಕೊಂಡರೆ ಬದಲಿಗೆ ಅವನ ಹಳೆಯ ತಂಡಕ್ಕೆ ತಮ್ಮ ಆಟಗಾರನೊಬ್ಬನನ್ನು ಕೊಡಬೇಕು. ಇಪ್ಪತ್ತು ಜನರನ್ನು ಮುಟ್ಟಬೇಡಿ ಎಂದು ಪಟ್ಟಿ ಬರೆದುಕೊಡಬಹುದು, ಉಳಿದವರಲ್ಲಿ ಯಾರನ್ನು ಬೇಕಾದರೂ ಅವರು ಆರಿಸಿಕೊಳ್ಳಬಹುದು. "ಯಾವ ಬಡಪಾಯಿ ಗಂಟುಮೂಟೆ ಕಟ್ತಾನೋ," ಎಂದು ಈಗಷ್ಟೇ ನಕ್ಕವನೂ ಕಿಚುಲ್‌ನೇ.

"ಸರ್, ಪಟ್ಟೀಲಿ ನನ್ನ ಹೆಸರು..."

"ಇಪ್ಪತ್ತೇ ಜನ ಕಣಪ್ಪ. ನಿನಗೋ ಮೂವತ್ತಾರು ವರ್ಷ. ನಿನ್ನನ್ನ ಯಾರು ಕೇಳ್ತಾರೆ ಅಂದ್ಕೊಂಡ್ವಿ."

ಫೋನು ಕಟ್ಟಾಯಿತು. ಮಿನ್‌ಗ್ಯು ಸೊಪ್ಪಿನೆಲೆಯಲ್ಲಿ ಸುತ್ತಿದ ತುತ್ತನ್ನು ಎರಡೂ ಕೈಯಲ್ಲಿ ಚಾಚಿದ. "ಮೊದಲನೇದು ನಿಂಗೇ, ತಗೋ ಅಣ್ಣ. ಮುಖ ಯಾಕೆ ಹಿಂಗಾಯ್ತು? ಗೊತ್ತಾಯ್ತಾ, ಆ ಬಡಪಾಯಿ ಯಾರು ಅಂತ?"

ಕಿಚುಲ್ ಕೈ ಮುಂದೆ ಬರಲಿಲ್ಲ. "ಜೊಂಜುನಲ್ಲಿ ನಿನ್ನ ನಂಬರ್ ಎಷ್ಟಿತ್ತೋ?"

"ಹನ್ನೊಂದು. ಯಾಕಣ್ಣ?"

"ಅದನ್ನ ಇನ್ನೂ ಯಾರಿಗೂ ಕೊಟ್ಟಿಲ್ವಾ ಕೇಳು. ನಂಗೆ ಬೇಕು."